"ಕಿಡ್ನಿ ಫೇಲ್" ಅನ್ನಬ್ಯಾಡ್ರಿ, "ಯಾವಾಗಿಂದ?" ಅಂತ ಕೇಳ್ರಿ

ಅಕ್ಕಂದಿರ, ವೈನಿಗಳ, ಓಣಿಯ ಗೆಳತ್ಯಾರ, ಇವತ್ತು ಅಡಿಗಿ ಮಾತಿಲ್ಲ, ಹಬ್ಬದ ಮಾತೂ ಇಲ್ಲ. ಇವತ್ತು ಜಗಳದ ಮಾತು. ನಮ್ಮ ಮನಿಗಳಾಗ ಒಂದು ಮಾತು ಭಾಳ ಸಸಾರ ಆಗೇದ. "ಅವರಿಗೆ ಕಿಡ್ನಿ ಫೇಲ್ ಆಗೇದಂತ." ಮದುವಿ ಮನ್ಯಾಗ ಎಲಿ ಹಾಕೂ ಮುಂದ ಇದೇ ಮಾತು, ಗುಡಿ ಕಟ್ಟಿ ಮ್ಯಾಲ ಇದೇ ಮಾತು. ಹೇಳಿದವರು ಹೇಳಿ ಹೋಗ್ತಾರ, ಕೇಳಿದವರು "ಅಯ್ಯೋ ಪಾಪ" ಅಂತಾರ. ಯಾವಾಗಿಂದ ಅಂತ ಒಬ್ಬರೂ ಕೇಳಂಗಿಲ್ಲ. ನಾವು ಹೋಗಲಿ, ನಾವು ಮನಿ ಹೆಂಗಸರು. ದವಾಖಾನಿ ಕಾಗದದಾಗ ಸುದ್ದಾ ಹಂಗೇ ಬರದು ಕಳಸ್ತಾರ ನೋಡ್ರಿ, ನನ್ನ ಸಿಟ್ಟು ಅದರ ಮ್ಯಾಲ.

ಕಿಡ್ನಿ ಕೆಟ್ಟದ ಅನ್ನೋದು ಅರ್ಧಾ ಮಾತು. ಅದು ನಾಲ್ಕು ದಿನದ ಹಿಂದ ಕೆಟ್ಟದ್ದೋ, ನಾಲ್ಕು ವರ್ಷದಿಂದ ಕೆಡ್ತಾ ಬಂದದ್ದೋ ಅನ್ನೋದು ಉಳಿದ ಅರ್ಧಾ ಮಾತು. ಆ ಉಳಿದ ಅರ್ಧಾ ಬರೀದಿದ್ದ ಕಾಗದ ತಗೊಂಡು ಯಾರೂ ಮನಿಗೆ ಬರಬಾರದು ಅಂತ ನಾ ಹೇಳ್ತೀನಿ. ಯಾಕ ಅಂತ ಕೇಳ್ರಿ.

ಮೊದಲ ನಮ್ಮ ಭಾಷಾದ್ದೇ ತಗಾದಿ ಅದ. ಇಂಗ್ಲಿಷಿನ ಅಕ್ಯೂಟ್ ಅನ್ನೋ ಶಬ್ದಕ್ಕ ಪೇಪರಿನವರು, ಆರೋಗ್ಯದ ಪುಸ್ತಕದವರು "ತೀವ್ರ" ಅಂತ ಬರೀತಾರ. ತೀವ್ರ ಅಂದ್ರ ನಮ್ಮ ಕಿವಿಗೆ ಹೆಂಗ ಕೇಳಸ್ತದ? ಜೋರು, ಭಯಂಕರ, ಕೈ ಮೀರಿದ್ದು ಅಂತ. ಆದ್ರ ಡಾಕ್ಟರ್ ಬಾಯಾಗ ಅಕ್ಯೂಟ್ ಅಂದ್ರ ಏಕಾಏಕಿ ಬಂದದ್ದು, ಹೊಸಾದು ಅಂತ ಅಷ್ಟ. ಇನ್ನ ಕ್ರಾನಿಕ್ ಅನ್ನೋ ಶಬ್ದ. ಅದಕ್ಕ ನಾವೇ ಬ್ಯಾರೆ ಅರ್ಥ ಹಚ್ಚೇವಿ. "ಅವಂದು ಕ್ರಾನಿಕ್ ಕೇಸ್ ಬಿಡ್ರಿ" ಅಂದ್ರ ಇನ್ನ ಆಸೆ ಇಲ್ಲ ಅಂದಂಗ. ಖರೇ ಅಂದ್ರ ಕ್ರಾನಿಕ್ ಅಂದ್ರ ಬಹಳ ದಿನದಿಂದ ಇದ್ದದ್ದು. ಹಗುರಾಗಿ ಇರಬಹುದು, ಜೋರಾಗಿ ಇರಬಹುದು. ಅಕ್ಯೂಟ್ ಆದವರು ವಾರದಾಗ ಎದ್ದು ರೊಟ್ಟಿ ಬಡೀಬಹುದು, ಇಲ್ಲಾ ಜೀವಕ್ಕೇ ಕುತ್ತ ಬರಬಹುದು. ಕ್ರಾನಿಕ್ ಇದ್ದವರು ಇಪ್ಪತ್ತು ವರ್ಷ ಗುಳಗಿ ತಗೊಂಡು ಮೊಮ್ಮಕ್ಕಳ ಮದುವಿ ನೋಡಬಹುದು, ಇಲ್ಲಾ ಡಯಾಲಿಸಿಸ್‌ಗೆ ಬರಬಹುದು. ಎರಡೂ ಶಬ್ದ ವ್ಯಾಳ್ಯಾದ ಲೆಕ್ಕ ಹೇಳ್ತಾವ, ಜೋರಿನ ಲೆಕ್ಕ ಅಲ್ಲ. ಇಷ್ಟು ತಿಳಕೊಂಡ್ರ ಅರ್ಧಾ ಅಂಜಿಕಿ ಹೋಗ್ತದ. ಇನ್ನರ್ಧಾ ಅಂಜಿಕಿ ಇರಬೇಕು, ಅದು ಬೇಕಾದದ್ದೇ.

ಡಾಕ್ಟರ್ ಮಂದಿಗೆ ಇದಕ್ಕ ಅಳತಿ ಅದ. ಕಿಡ್ನಿ ಡಿಸೀಸ್ ಇಂಪ್ರೂವಿಂಗ್ ಗ್ಲೋಬಲ್ ಔಟ್‌ಕಮ್ಸ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥಾ 2012ರಾಗ ಬರದಿಟ್ಟ ಅಳತಿ ಇದು, ಎಲ್ಲಾ ಕಡೆ ನಡೀತದ. ರಕ್ತದಾಗಿನ ಕ್ರಿಯಾಟಿನಿನ್ 48 ತಾಸಿನೊಳಗ 0.3ರಷ್ಟು ಏರಿದ್ರ, ಇಲ್ಲಾ 7 ದಿನದಾಗ ಮೊದಲಿದ್ದದ್ದರ ಒಂದೂವರಿ ಪಟ್ಟು ಆದ್ರ, ಇಲ್ಲಾ 6 ತಾಸು ಮೂತ್ರ ತೀರಾ ಕಡಿಮಿ ಆದ್ರ ಅದು ಅಕ್ಯೂಟ್. ಕಿಡ್ನಿಯ ತೊಂದರಿ 3 ತಿಂಗಳ ಮ್ಯಾಲ ಉಳದಿದ್ರ ಅದು ಕ್ರಾನಿಕ್. ನೋಡ್ರಿ, ಎರಡೂ ಅಳತಿಯೊಳಗ ಕ್ಯಾಲೆಂಡರ್ ಅದ. "ಮೊದಲಿದ್ದದ್ದರ" ಅಂದ್ರ ಮೊದಲ ಎಷ್ಟಿತ್ತು ಅಂತ ಗೊತ್ತಿರಬೇಕು. ಒಂದೇ ಒಂದು ರಿಪೋರ್ಟ್ ಹಿಡಕೊಂಡು ಕ್ರಿಯಾಟಿನಿನ್ 3 ಅದ ಅಂದ್ರ, ಅದು ಹೊಸಾದೋ ಹಳೇದೋ ಅಂತ ಆ 3ಕ್ಕ ಏನ ಗೊತ್ತು? ಹಾಲು ಒಡದದ ಅಂತ ಪಾತೇಲಿ ನೋಡಿದ್ರ ತಿಳೀತದ, ಯಾವತ್ತು ಒಡೀತು ಅಂತ ಪಾತೇಲಿ ಹೇಳಂಗಿಲ್ಲ.

ಈಗ ಕೋಡಿನ ಮಾತಿಗೆ ಬರ್ತೀನಿ, ಯಾಕಂದ್ರ ನಮ್ಮ ಸೊಸಿ ಮಾಡೋ ಕೆಲಸ ಅದೇ. ಅಕಿ ಬಿ.ಎಸ್ಸಿ. ಕಲತಾಕಿ, ಮನ್ಯಾಗ ಕುಂತು ಅಮೆರಿಕಾದ ದವಾಖಾನಿಗಳ ದಾಖಲೆಗೆ ಕೋಡ್ ಹಾಕ್ತಾಳ. ಇಂಥ ಕೆಲಸ ಮಾಡೋ ಹುಡುಗ್ಯಾರು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಈಗ ಮನಿಗೊಬ್ಬರು ಸಿಗ್ತಾರ. ಪೇಷಂಟ್‌ರ ಕಾಗದ ನಮಗ ತೋರಸಂಗಿಲ್ಲ, ಹೆಸರು ಹೇಳಂಗಿಲ್ಲ, ಬಾಗಲಾ ಮುಚ್ಚಿಕೊಂಡೇ ಕೂಡ್ತಾಳ. ಆದ್ರ ಕೋಡಿನ ಪುಸ್ತಕ ಏನೂ ಗುಟ್ಟಿನದಲ್ಲ. ಊಟಕ್ಕ ಕೂತಾಗ ನಾ ಕೇಳತೀನಿ, ಅಕಿ ಹೇಳ್ತಾಳ.

ವಿಶ್ವ ಆರೋಗ್ಯ ಸಂಸ್ಥೆಯವರು ಜಗತ್ತಿನ ಎಲ್ಲಾ ರೋಗಕ್ಕೂ ಒಂದೊಂದು ನಂಬರ್ ಕೊಟ್ಟಾರ. ಅದರ ಹತ್ತನೇ ಆವೃತ್ತಿಯೊಳಗ ಏಕಾಏಕಿ ಕಿಡ್ನಿ ಕೆಟ್ಟದ್ದಕ್ಕ ಎನ್ 17. ಬಹಳ ದಿನದ್ದಕ್ಕ ಎನ್ 18. ಅದರಾಗ ಮತ್ತ ಎನ್ 18.1ರಿಂದ ಎನ್ 18.5ರ ತನಕ ಐದು ಮೆಟ್ಟಲಾ, ಕಿಡ್ನಿ ಎಷ್ಟು ಕೆಲಸಾ ಮಾಡ್ತದ ಅನ್ನೋದರ ಮ್ಯಾಲ. ಹೊಸಾದೂ ಅಲ್ಲ ಹಳೇದೂ ಅಲ್ಲ, ಬರೇ "ಕಿಡ್ನಿ ಫೇಲ್ಯೂರ್" ಅಂತ ಡಾಕ್ಟರ್ ಬರದಿದ್ರ ಎನ್ 19. ಅಂದ್ರ ಗೊತ್ತಿಲ್ಲದ್ದರ ಡಬ್ಬಿ. ನಮ್ಮ ಅಡಿಗಿ ಮನ್ಯಾಗ ಚೀಟಿ ಹಚ್ಚದ ಡಬ್ಬಿ ಇರ್ತದಲ್ಲ, ಒಳಗ ಹಿಟ್ಟು ಅದನೋ ರವಾ ಅದನೋ ತಗದು ನೋಡೋ ತನಕ ತಿಳಿಯಂಗಿಲ್ಲ, ಹಂಗ. ಹಳೇ ತೊಂದರಿ ಇದ್ದವರಿಗೆ ಮ್ಯಾಲ ಹೊಸಾದೊಂದು ಪೆಟ್ಟು ಬಿದ್ರ ಎರಡೂ ನಂಬರ್ ಹಾಕಬೇಕು, ಎನ್ 17 ಮತ್ತ ಎನ್ 18. ಒಂದು ಹಾಕಿ ಒಂದು ಬಿಟ್ರ ಅರ್ಧಾ ಸುಳ್ಳು.

"ಹಂಗಾದ್ರ ನೀನೇ ರಿಪೋರ್ಟ್ ನೋಡಿ ಹಾಕಿಬಿಡು, ನೀನೂ ಕಲತಾಕಿ ಅದಿ" ಅಂತ ಒಮ್ಮೆ ಅಂದೆ. ಅಕಿ ಅಂದ್ಲು, "ಅತ್ತಿ, ಹಂಗ ಮಾಡಂಗಿಲ್ಲ. ಕ್ರಿಯಾಟಿನಿನ್ ಎಷ್ಟರ ಇರಲಿ, ಅದನ್ನ ನೋಡಿ ನಾವು ರೋಗದ ಹೆಸರು ಇಡಂಗಿಲ್ಲ. ಡಾಕ್ಟರ್ ಬರದದ್ದಕ್ಕಷ್ಟ ನಂಬರ್. ಸಂಶಯ ಬಂದ್ರ ಅವರಿಗೆ ಪ್ರಶ್ನಾ ಬರದು ಕೇಳಬೇಕು. ಕೇಳೋದೂ ಹಿಂಗ ಬರೀರಿ ಅಂತ ಬಾಯಾಗ ಮಾತು ತುರುಕಿ ಕೇಳೋ ಹಂಗಿಲ್ಲ." ನನಗ ಈ ನಿಯಮ ಭಾಳ ಸೇರ್ತು. ರೋಗ ಹೇಳೋ ಹಕ್ಕು ರೋಗಿ ಮುಟ್ಟಿ ನೋಡಿದವರಿಗೆ ಅದ, ಎಲ್ಲೋ ಕುಂತು ಕೀಲಿಮಣಿ ಒತ್ತವರಿಗೆ ಇಲ್ಲ. ಹಂಗಂತ ಆದಮ್ಯಾಲ ಜವಾಬ್ದಾರಿನೂ ಬರದವರದೇ ಆಗ್ತದ. ಅವರು ಒಂದು ಶಬ್ದ ಕಡಿಮಿ ಬರದ್ರ ಆ ತಪ್ಪು ಕಂಪ್ಯೂಟರಿಂದ ಕಂಪ್ಯೂಟರಿಗೆ ದಾಟ್ತಾ ಹೋಗ್ತದ. ಒಮ್ಮೆ ಹೋತಂದ್ರ ಹಿಂದ ತರೋದು ಕಷ್ಟ.

ಇನ್ನೊಂದು ಮಾತೂ ಹೇಳಿದ್ಲು. ಅಮೆರಿಕಾದಾಗ ಎನ್ 17 ಬರದಿದ್ರ ದವಾಖಾನಿಗೆ ಸಿಗೋ ರೊಕ್ಕ ಹೆಚ್ಚಾಗಬಹುದು. ಅದಕ್ಕ ಕ್ರಿಯಾಟಿನಿನ್ ಒಂದೀಟು ಏರಿದ್ರೂ ಅಕ್ಯೂಟ್ ಅಂತ ಬರೀಲಿಕ್ಕೆ ಆಸೆ ಹುಟ್ಟತದ, ವಿಮಾದವರು ಅಳತಿ ತಗದು ಇದು ಅಕ್ಯೂಟ್ ಅಲ್ಲ ಅಂತ ವಾಪಸ್ ಕಳಸ್ತಾರ. ಅಲ್ಲಿ ಹೆಚ್ಚು ಬರದು ಜಗಳ, ನಮ್ಮಲ್ಲಿ ಕಡಿಮಿ ಬರದು ಜಗಳ. ಎರಡರಾಗೂ ಹಾಸಿಗಿ ಮ್ಯಾಲ ಮಲಗಿದವರಿಗೆ ಲಾಭಿಲ್ಲ.

ಈಗ ನಮ್ಮ ಮನೀದೇ ಹೇಳ್ತೀನಿ. ನನ್ನ ತಂಗಿಗೆ ಮೊಣಕಾಲು ನೋವು, ಅಂಗಡಿಯಿಂದ ತಂದ ನೋವಿನ ಗುಳಗಿ ದಿನಾ ನುಂಗ್ತಿದ್ಲು. ಒಂದು ಮದುವಿ ಊಟದ ಮ್ಯಾಲ ವಾಂತಿ, ಭೇದಿ ಹಚ್ಚಿದ್ದು ಎರಡು ದಿನ ನಿಲ್ಲಲೇ ಇಲ್ಲ. ನೀರು ಹೋಗಿ, ಮ್ಯಾಲ ಆ ಗುಳಗಿ ಬ್ಯಾರೆ, ಕಿಡ್ನಿ ಮುನಿಸಿಕೊಂಡ್ವು. ದವಾಖಾನಿಗೆ ಹಾಕಿದಾಗ ಕ್ರಿಯಾಟಿನಿನ್ 3.8. ಸಲಾಯಿನ್ ಹಚ್ಚಿದ್ರು, ಗುಳಗಿ ಬಿಡಸಿದ್ರು. ಮೂರನೇ ದಿನಕ್ಕ 2.1, ಮನಿಗೆ ಕಳಸೋ ದಿನ 1.2. ಛಲೋ ನೋಡಿದ್ರು, ಜೀವಾ ಉಳಸಿದ್ರು, ಅವರಿಗೆ ಕೈ ಮುಗೀತೀನಿ. ಆದ್ರ ಬಿಡುಗಡೆ ಕಾಗದದಾಗ ಏನಂತ ಬರದ್ರು? "ರೀನಲ್ ಫೇಲ್ಯೂರ್." ಎರಡೇ ಶಬ್ದ. ಹೊಸಾದು ಅಂತಿಲ್ಲ, ಯಾಕ ಆತು ಅಂತಿಲ್ಲ, ಆರಾಮಾತು ಅಂತಿಲ್ಲ.

ಅಕಿ ಆರೋಗ್ಯ ವಿಮಾ ಮಾಡಿಸಿ ಒಂದೂವರಿ ವರ್ಷ ಆಗಿತ್ತು. ವಿಮಾ ಕಂಪನಿಯವರು ಕಾಗದ ನೋಡಿದ್ರು, "ಕಿಡ್ನಿ ರೋಗ ಮೊದಲಿಂದ ಇತ್ತು, ಮುಚ್ಚಿಟ್ಟೀರಿ" ಅಂದ್ರು, ರೊಕ್ಕ ಕೊಡಲಿಲ್ಲ. ಮೊದಲಿಂದ ಇದ್ದ ರೋಗಕ್ಕ ವಿಮಾದಾಗ ಕಾಯೋ ಅವಧಿ ಅಂತ ಇರ್ತದ. ಮೊದಲ ಅದು ಹೆಚ್ಚಂದ್ರ 48 ತಿಂಗಳು ಇತ್ತು, 2024ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು 36 ತಿಂಗಳಿಗೆ ಇಳಸ್ಯಾರ. ಈ ನಿಯಮ ಹಳೇ ರೋಗಕ್ಕ. ನಾಲ್ಕು ದಿನದ ಭೇದಿಯಿಂದ ಬಂದದ್ದು ಎಲ್ಲಿಂದ ಹಳೇದಾತು? ಆದ್ರ ಕಾಗದದ ಮ್ಯಾಲ ಹೊಸಾದು ಅನ್ನೋ ಶಬ್ದಾನೇ ಇಲ್ಲಂದ್ರ ನಾವು ಏನು ತೋರಸೋಣ? ನಮ್ಮ ತಂಗಿ ಸುಳ್ಳುಗಾತಿ ಅನಿಸಿಕೊಂಡ್ಲು. ರೊಕ್ಕಕ್ಕಿಂತ ಅದಕ್ಕ ಅತ್ಲು.

ಕಡೀಕ ಕೆಲಸಕ್ಕ ಬಂದದ್ದು ಏನಂದ್ರ, ಹಿಂದಿನ ವರ್ಷ ಊರಾಗ ಆರೋಗ್ಯ ತಪಾಸಣಿ ಇಟ್ಟಾಗ ಮಾಡಿಸಿದ್ದ ಒಂದು ಚೀಟಿ. ಅದರಾಗ ಕ್ರಿಯಾಟಿನಿನ್ 0.8. ಅದನ್ನ ತಗೊಂಡು ಹೋಗಿ ಅದೇ ಡಾಕ್ಟರ್ ಕಡೆ "ನೀರು ಹೋಗಿ ಏಕಾಏಕಿ ಆದದ್ದು, ಈಗ ಸುಧಾರಿಸೇದ, ಮೊದಲ ಕಿಡ್ನಿ ರೋಗ ಇದ್ದಿಲ್ಲ" ಅಂತ ಬರಿಸಿಕೊಂಡು ಬಂದ್ವಿ. ಆಮ್ಯಾಲ ರೊಕ್ಕ ಬಂತು. ಡಾಕ್ಟರ್ ಬರೀಲಿಕ್ಕೆ ಎರಡು ನಿಮಿಷ ಹತ್ತಿತು. ಮೊದಲನೇ ದಿನಾನೇ ಅಕ್ಯೂಟ್ ಅನ್ನೋ ಒಂದು ಶಬ್ದ ಬರದಿದ್ರ ಐದು ತಿಂಗಳ ತಿರುಗಾಟ ಇರತಿದ್ದಿಲ್ಲ.

ಇದಕ್ಕ ತಿರುವುಮುರುವು ಆದದ್ದೂ ನಮ್ಮ ಓಣ್ಯಾಗ ಅದ. ಅವರ ಹೆಸರು ಬ್ಯಾಡ, ನೀವು ಊಹಿಸಲೂಬ್ಯಾಡ್ರಿ. ಅರವತ್ತು ದಾಟಿದ ಗಂಡಸರು, ಸಕ್ಕರಿ ಬ್ಯಾನಿ, ಬಿ.ಪಿ. ಎರಡೂ. ಒಂದು ಸಲ ಜ್ವರಕ್ಕ ದವಾಖಾನಿಗೆ ಹೋದಾಗ ಕ್ರಿಯಾಟಿನಿನ್ 1.9. "ಅಕ್ಯೂಟ್" ಅಂತ ಬರದು ಕಳಿಸಿದ್ರು. ಎಂಟು ತಿಂಗಳ ಮ್ಯಾಲ ಬ್ಯಾರೆ ದವಾಖಾನಿ, 2.2, ಮತ್ತ "ಅಕ್ಯೂಟ್". ಮರುವರ್ಷ ಮೂರನೇ ದವಾಖಾನಿ, 2.6, ಮತ್ತ ಅದೇ. ಮೂರೂ ಸಲ ಹೊಸಾ ರೋಗ ಹೆಂಗಾಗ್ತದ? ಮೂರೂ ಚೀಟಿ ಒಂದರ ಪಕ್ಕ ಒಂದು ಇಟ್ಟು ನೋಡಿದ್ರ ಮೂರನೇತ್ತೆ ಓದೋ ಹುಡುಗನೂ ಹೇಳತಿದ್ದ, ಇದು ಮೆಟ್ಟಲಾ ಇಳಕೋತ ಹೊಂಟದ ಅಂತ. ಆ ವಯಸ್ಸಿನ ಗಂಡಸರಿಗೆ 1.9 ಅಂದ್ರ ಹೆಚ್ಚುಕಡಿಮಿ ಮೂರನೇ ಮೆಟ್ಟಲಾ, 2.6 ಅಂದ್ರ ನಾಲ್ಕನೇದು. ಮೂರನೇದರಾಗ ಇದ್ದಾಗ್ಲೇ ಕಿಡ್ನಿ ಡಾಕ್ಟರ್ ಕಡೆ ಕಳಿಸಿದ್ರ ಬಿ.ಪಿ., ಸಕ್ಕರಿ ಹಿಡಿತದಾಗ ಇಟ್ಟು, ನೋವಿನ ಗುಳಗಿ ಬಿಡಿಸಿ, ಇಳಿಯೋ ವೇಗಾನ ಕಡಿಮಿ ಮಾಡಬಹುದಿತ್ತು. "ಅಕ್ಯೂಟ್ ಅಂದಾರ, ಆರಾಮ ಆಗ್ತದ" ಅಂತ ಮನಿಯವರು ನಂಬಿ ಕುಂತ್ರು. ಈಗ ವಾರಕ್ಕ ಮೂರು ಸಲ ಡಯಾಲಿಸಿಸ್. ಆ ಮನಿ ಹೆಣಮಗಳು ಅಡಿಗಿ ಮಾಡಿಟ್ಟು, ಡಬ್ಬಿ ಕಟಗೊಂಡು, ಬೆಳಿಗ್ಗೆ ಆರರ ಬಸ್ಸಿಗೆ ಓಡ್ತಾಳ. ಕಾಗದದ ತಪ್ಪು ಅಕಿ ಕಾಲಿಗೆ ಬಿತ್ತು ನೋಡ್ರಿ.

ಎರಡೂ ಮನಿ ಕಥಿ ಒಂದೇ. ಹೊಸಾದಕ್ಕ ಹಳೇದು ಅಂದ್ರ ಮಾನ ಮತ್ತ ರೊಕ್ಕ ಹೋಗ್ತದ, ಹಳೇದಕ್ಕ ಹೊಸಾದು ಅಂದ್ರ ಕಿಡ್ನಿನೇ ಹೋಗ್ತದ.

ಈ ಮಾತು ಹೇಳಿದ್ರ ನಮ್ಮವರೇ ಮೂರು ಎದುರುತ್ತರ ಕೊಡ್ತಾರ. ಮೂರಕ್ಕೂ ನನ್ನ ಕಡೆ ಮಾತದ.

ಒಂದು, "ಡಾಕ್ಟರಿಗೆ ವ್ಯಾಳ್ಯಾ ಎಲ್ಲಿರ್ತದ? ನೂರು ಮಂದಿ ನೋಡ್ತಾರ." ಒಪ್ಪಿದೆ. ಆದ್ರ ರೀನಲ್ ಫೇಲ್ಯೂರ್ ಅಂತ ಬರೀಲಿಕ್ಕೆ ವ್ಯಾಳ್ಯಾ ಇದ್ದವರಿಗೆ ಅದರ ಮುಂದ ಇನ್ನೊಂದು ಶಬ್ದ ಬರೀಲಿಕ್ಕೆ ವ್ಯಾಳ್ಯಾ ಇರ್ತದ. ಹೊಸಾದೋ ಹಳೇದೋ ಇನ್ನ ತಿಳಿದಿಲ್ಲ ಅಂದ್ರ ಅದನ್ನೇ ಬರೀಲಿ, "ಇನ್ನ ತಿಳಿದಿಲ್ಲ, ಮೂರು ತಿಂಗಳಿಗೆ ಮತ್ತ ನೋಡಬೇಕು" ಅಂತ. ಅದು ಪ್ರಾಮಾಣಿಕ ಮಾತು. ಹಳೇ ರಿಪೋರ್ಟ್ ಇಲ್ಲದಾಗ ಒಮ್ಮೆಲೇ ಹೇಳೋದು ಅವರಿಗೂ ಕಷ್ಟ ಅದ ಅಂತ ನಾ ಬಲ್ಲೆ. ಸ್ಕ್ಯಾನಿಂಗ್‌ನಾಗ ಕಿಡ್ನಿ ಸಣ್ಣವಾಗಿದ್ರ ಹಳೇದು ಅನ್ನೋ ಗುರುತು, ಆದ್ರ ಸಕ್ಕರಿ ಬ್ಯಾನಿ ಇದ್ದವರಿಗೆ ಹಳೇದಿದ್ರೂ ಕಿಡ್ನಿ ಅಳತಿ ಸರಿ ಇರಬಹುದು. ಅದಕ್ಕ ನಮ್ಮ ಹಳೇ ಚೀಟಿಗೆ ಅಷ್ಟು ಬೆಲಿ.

ಎರಡು, "ಡಾಕ್ಟರಿಗೆ ಎದುರು ಮಾತಾಡಿದ್ರ ಸಿಟ್ಟಾಗ್ತಾರ." ಇದು ಎದುರು ಮಾತಲ್ಲ ತಾಯಿ, ಪ್ರಶ್ನಾ. ಕಾಯಿಪಲ್ಯಾದಾಕಿ ಕಡೆ ಬದನಿಕಾಯಿ ಇವತ್ತಿಂದೋ ನಿನ್ನಿದೋ ಅಂತ ನಾಲ್ಕು ಸಲ ಕೇಳ್ತೀವಿ. ಗಂಡನ ಕಿಡ್ನಿ ಬಗ್ಗೆ ಒಮ್ಮೆ ಕೇಳಲಿಕ್ಕೆ ಬಾಯಿ ಬರಂಗಿಲ್ಲ ಅಂದ್ರ ಹೆಂಗ? ಕಾಗದ ಬೇಡೋದು ಉಪಕಾರ ಬೇಡಿದಂಗೂ ಅಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಾಗ ಬರದಾರ: ಒಳರೋಗಿ ದಾಖಲೆ 3 ವರ್ಷ ಇಡಬೇಕು, ರೋಗಿ ಇಲ್ಲಾ ಅವರ ಪರವಾಗಿ ಬಂದವರು ಕೇಳಿದ್ರ 72 ತಾಸಿನೊಳಗ ಕೊಡಬೇಕು. ವಿಮಾದವರು ಅನ್ಯಾಯ ಮಾಡಿದ್ರ ಮೊದಲ ಅವರಿಗೇ ಬರದು ದೂರು ಕೊಡಬೇಕು. ಅವರು ಕೇಳಲಿಲ್ಲಂದ್ರ ಬೆಂಗಳೂರಾಗ ವಿಮಾ ಲೋಕಪಾಲರ ಕಚೇರಿ ಅದ, ಅಲ್ಲಿ ದೂರು ಕೊಡಲಿಕ್ಕೆ ಫೀಸ್ ಇಲ್ಲ, ವಕೀಲರೂ ಬ್ಯಾಡ.

ಮೂರು, "ನಮಗೇನು ತಿಳೀತದ, ನಾವು ಅಷ್ಟು ಕಲತವರಲ್ಲ." ನಾನೂ ಪಿ.ಯು.ಸಿ. ತನಕ ಓದಿದಾಕಿ. ತಾರೀಖು ಓದಲಿಕ್ಕೆ ಡಾಕ್ಟರ್ ಕಲಿಯೋದು ಬೇಕಾಗಿಲ್ಲ. ಮಗಳ ಜಾತಕ ಮೂವತ್ತು ವರ್ಷ ಪ್ಲ್ಯಾಸ್ಟಿಕ್ ಚೀಲದಾಗ ಸುತ್ತಿ ಇಡ್ತೀವಿ, ಹುಟ್ಟಿದ ವ್ಯಾಳ್ಯಾ ನಿಮಿಷ ಸುದ್ದಾ ಬರದಿಡ್ತೀವಿ. ರಕ್ತ ಪರೀಕ್ಷಾದ ಚೀಟಿ ಮಾತ್ರ ಒಗ್ಗರಣಿ ಡಬ್ಬಿ ಕೆಳಗ ಹಾಸ್ತೀವಿ. ಇದು ಕಲಿಕಿ ಪ್ರಶ್ನಾ ಅಲ್ಲ.

ಹಂಗಾದ್ರ ಏನ ಮಾಡೋದು? ಮನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಫೈಲ್ ಮಾಡ್ರಿ. ಕ್ರಿಯಾಟಿನಿನ್ ಮಾಡಿಸಿದಾಗೆಲ್ಲಾ ಫೈಲಿನ ಮೊದಲನೇ ಹಾಳಿ ಮ್ಯಾಲ ತಾರೀಖು, ನಂಬರ್ ಬರೀರಿ. ಜ್ವರ ಬಂದಾಗಿನದಷ್ಟ ಅಲ್ಲ, ಆರಾಮ ಇದ್ದಾಗಿನದೂ ಬೇಕು, ಯಾಕಂದ್ರ ಅದೇ "ಮೊದಲಿದ್ದದ್ದು". ಸಕ್ಕರಿ, ಬಿ.ಪಿ. ಇದ್ದವರು ವರ್ಷಕ್ಕೊಮ್ಮೆ ರಕ್ತದ ಜೊತಿಗೆ ಮೂತ್ರದಾಗಿನ ಪ್ರೋಟೀನೂ ನೋಡಸ್ರಿ, ಕ್ರಿಯಾಟಿನಿನ್ ಏರೋಕಿಂತ ಮೊದಲೇ ಅದರಾಗ ಗುರುತು ಸಿಗಬಹುದು. ಮನ್ಯಾಗ ಬಡಕಲಾದ ಅಜ್ಜಿ ಇದ್ರ ಬರೇ ಕ್ರಿಯಾಟಿನಿನ್ ಸರಿ ಅದ ಅಂತ ನಿಶ್ಚಿಂತಿ ಆಗಬ್ಯಾಡ್ರಿ. ಅದು ಮೈಯಾಗಿನ ಮಾಂಸಖಂಡದಿಂದ ಹುಟ್ಟತದ, ಖಂಡ ಕಡಿಮಿ ಇದ್ದವರಿಗೆ ಕಿಡ್ನಿ ಸೋತಿದ್ರೂ ನಂಬರ್ ಛಲೋನೇ ಕಾಣಬಹುದು. ಇಜಿಎಫ್‌ಆರ್ ಎಷ್ಟು ಅಂತ ಕೇಳ್ರಿ, ಅದು ವಯಸ್ಸು, ಹೆಣ್ಣೋ ಗಂಡೋ ಎಲ್ಲಾ ಹಿಡದು ಲೆಕ್ಕ ಹಾಕ್ತದ. ಮೂರು ತಿಂಗಳ ಮ್ಯಾಲ ಅದು 60ರ ಕೆಳಗೇ ಉಳದ್ರ ಹಳೇ ತೊಂದರಿ ಅಂತ ಲೆಕ್ಕ.

ದವಾಖಾನಿಯಿಂದ ಬಿಡಿಸಿಕೊಂಡು ಬರೂ ದಿನ ಬಿಲ್ಲು ಎಷ್ಟಾತು ಅಂತ ನೋಡೋಕಿಂತ ಮೊದಲ ಕಾಗದ ಓದ್ರಿ. ಕಿಡ್ನಿ ಅನ್ನೋ ಶಬ್ದ ಇದ್ರ, ನಿಂತು ನಾಲ್ಕು ಮಾತು ಕೇಳ್ರಿ. ಹೊಸಾದೋ, ಹಳೇದೋ, ಹಳೇದರ ಮ್ಯಾಲ ಹೊಸಾದೋ? ಹೊಸಾದಾದ್ರ ಯಾಕ ಆತು? ಹಳೇದಾದ್ರ ಎಷ್ಟನೇ ಮೆಟ್ಟಲಾ? ಮತ್ತ ಯಾವಾಗ ತಪಾಸಣಿ? ನಾಲ್ಕೂ ಬರಿಸಿಕೊಂಡೇ ಮೆಟ್ಟಲಾ ಇಳೀರಿ. ಹೊಸಾದು ಪೂರಾ ಆರಾಮಾದ್ರೂ ಮೂರು ತಿಂಗಳಿಗೆ ಮತ್ತ ಪರೀಕ್ಷಾ ಮಾಡಸ್ರಿ, ಯಾಕಂದ್ರ ಒಮ್ಮೆ ಪೆಟ್ಟು ತಿಂದ ಕಿಡ್ನಿಗೆ ಮುಂದ ಹಳೇ ರೋಗ ಹಚ್ಚೋ ಸಂಭವ ಹೆಚ್ಚು.

ಡಾಕ್ಟರ್ ಮನಿ ಸೊಸ್ತ್ಯಾರು, ಮೆಡಿಕಲ್ ಓದೋ ಮೊಮ್ಮಕ್ಕಳು ನಮ್ಮ ಬಳಗದಾಗೂ ಇದ್ದಾರ. ಅವರಿಗೆ ಈ ಬರಹ ತೋರಸ್ರಿ. ನೀವು ಬರಿಯೋ ಒಂದು ಶಬ್ದದ ಮ್ಯಾಲ ಒಬ್ಬಾಕಿ ಸುಳ್ಳುಗಾತಿ ಆಗೋದು, ಒಬ್ಬಾಕಿ ಆರರ ಬಸ್ಸಿಗೆ ಓಡೋದು ನಿಂತದ ಅಂತ ಹೇಳ್ರಿ. ಮತ್ತ ನೀವು, ಮುಂದಿನ ಸಲ ಯಾರರ "ಅವರಿಗೆ ಕಿಡ್ನಿ ಫೇಲ್ ಅಂತ" ಅಂದ್ರ, ಅಯ್ಯೋ ಪಾಪ ಅನ್ನೋಕಿಂತ ಮೊದಲ ಕೇಳ್ರಿ: "ಯಾವಾಗಿಂದ?"